ತಂಬೂರಿಗೆ ತಂತಿಯ ಆಯ್ಕೆ

ಕಳೆದ ತಿಂಗಳ ಅಂಚೆಯಲ್ಲಿ ಸವಣೂರ ಕಡೆಯ ವಾಚಕ ಭಗಿನಿಯೊಬ್ಬರು ಈ ಅಂಕಣಕ್ಕೆ ಒಂದು ಪ್ರಶ್ನೆಯನ್ನು ಕಳಿಸಿರುವರು. ಅವರ ಮನೆಯಲ್ಲಿ ಮಾವನವರ ಕಾಲದ ಒಂದು ತಂಬೂರಿ ಇದೆಯಂತೆ. ಅನೇಕ ವರ್ಷಗಳಿಂದ ಅದು ಗೋಡೆಗೆ ತೂಗುಬಿದ್ದು ತಂತಿಗಳೆಲ್ಲ ತುಕ್ಕು ಹಿಡಿದಿವೆಯಂತೆ. ಈಗ ಮಗಳು ಗಾಯನವನ್ನು ಕಲಿಯತೊಡಗಿರುವದರಿಂದ ಅದಕ್ಕೆ ಹೊಸ ತಂತಿಗಳನ್ನು ಹಾಕಬೇಕೆಂದಿರುವರು. “ಯಾವ ನಂಬರಿನ ತಂತಿಯನ್ನು ತರಿಸಬೇಕು? ದಪ್ಪ ತಂತಿಯನ್ನು ಹಾಕಿದರೆ ನಾದವು ದೊಡ್ಡದಾಗುವದೆಂದು ನೆರೆಯವರು ಹೇಳುತ್ತಾರೆ, ಅದು ನಿಜವೆ?” ಎಂದು ಅವರು ಕೇಳಿರುವರು.

ಪ್ರಶ್ನೆಯು ಚಿಕ್ಕದು. ಆದರೆ ಇದರ ಉತ್ತರವನ್ನು ನಾನು ಬಹಳ ಬೆಲೆ ತೆತ್ತು ಕಲಿತವನು. ನಾನು ತೆತ್ತ ಬೆಲೆಯನ್ನು ಇನ್ನೊಬ್ಬರು ತೆರಬಾರದೆಂಬ ಉದ್ದೇಶದಿಂದ ಈ ತಿಂಗಳ ಪುಟವನ್ನು ಈ ಒಂದು ಪ್ರಶ್ನೆಗೇ ಮೀಸಲಿಟ್ಟಿರುವೆನು. ವಾಚಕರಲ್ಲಿ ಸಂಗೀತವನ್ನು ಬಲ್ಲವರು ನನ್ನ ಮಾತಿನಲ್ಲಿ ಕೊರತೆ ಕಂಡರೆ ಮನ್ನಿಸಬೇಕು. ನಾನು ಮೂವತ್ತು ವರ್ಷಕ್ಕೂ ಮಿಗಿಲಾಗಿ ಶಬ್ದರೂಪ ಧಾತುರೂಪಗಳನ್ನು ಹುಡುಗರ ಬಾಯಿಂದ ಹೇಳಿಸಿದವನೇ ಹೊರತು ಗಾಯಕನಲ್ಲ.

ನಮ್ಮ ಅಬಲೂರು ಚಿಕ್ಕ ಊರು. ಏಕಾಂತದ ರಾಮಯ್ಯನ ಕಥೆಯನ್ನು ಹೇಳುವ ಶಾಸನವನ್ನು ನೋಡಲೆಂದು ಹೊರಗಿನ ವಿದ್ವಾಂಸರು ಇಲ್ಲಿಗೆ ಬರುವರು. ಸರ್ವಜ್ಞನ ಹೆಸರು ಕೇಳಿ ಮತ್ತೆ ಕೆಲವರು ಬರುವರು. ವಾದ್ಯದ ತಂತಿ ಬೇಕಾದರೆ ಮಾತ್ರ ನಾವೇ ಹುಬ್ಬಳ್ಳಿ ಧಾರವಾಡಗಳಿಗೆ ಹೋಗಬೇಕು. ಹೀಗಿದ್ದರೂ ತಂತಿಯ ನಾದಕ್ಕೆ ನಮ್ಮ ಸೀಮೆಯು ಅಪರಿಚಿತವಾದದ್ದಲ್ಲ. ತಂಬೂರಿಯನ್ನೇ ವಿಷಯವಾಗಿ ಇಟ್ಟುಕೊಂಡು ಪದ ಹಾಡಿದ ಷರೀಫಸಾಹೇಬರ ಶಿಶುನಾಳವು ಶಿಗ್ಗಾವಿ ತಾಲೂಕಿನದು. ಕನಕದಾಸರ ಬಾಡವೂ ಅದೇ ತಾಲೂಕಿನದು. ಗಾನಯೋಗಿ ಪಂಚಾಕ್ಷರಿ ಗವಾಯಿಗಳು 1892ರಲ್ಲಿಯೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು 1914ರಲ್ಲಿಯೂ ಹುಟ್ಟಿದ್ದು ಹಾನಗಲ್ಲ ತಾಲೂಕಿನ ಹಳ್ಳಿಗಳಲ್ಲಿ. ಇಬ್ಬರಿಗೂ ಹೊರಗಣ್ಣು ಇರಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರ ಪರಂಪರೆಯಿಂದ ಕಲಿತ ಎಷ್ಟೋ ಅಂಧ ಮಕ್ಕಳಿಗೆ ತಂತಿಯ ಪೊಟ್ಟಣದ ಮೇಲಿನ ನಂಬರು ಕಾಣುವದಿಲ್ಲ. ಬೆರಳು ಮತ್ತು ಕಿವಿ ಇವೆರಡೇ ಅವರಿಗೆ ಅಳತೆಗೋಲು. ನನಗಾದರೋ ಎರಡು ಕಣ್ಣುಗಳಿದ್ದವು, ಅವುಗಳ ಮೇಲೆ ಕನ್ನಡಕವೂ ಇತ್ತು. ಆದರೂ ನಾನು ತಪ್ಪಿದೆನು. ಅದನ್ನೇ ಮೊದಲು ಹೇಳುವೆನು.

ನಮ್ಮ ತೀರ್ಥರೂಪರು ಹಗಲೆಲ್ಲ ಹೊಲದ ಕೆಲಸ ಮುಗಿಸಿ, ಸಂಜೆ ದೀಪ ಹಚ್ಚಿದ ಮೇಲೆ ಪಡಸಾಲೆಯಲ್ಲಿ ಕುಳಿತು ವಚನಗಳನ್ನೂ ತತ್ತ್ವಪದಗಳನ್ನೂ ಹಾಡುತ್ತಿದ್ದರು. ಅವರು ಬಳಸುತ್ತಿದ್ದದ್ದು ಮಿರಜದಲ್ಲಿ ಮಾಡಿಸಿದ ದೊಡ್ಡ ತಂಬೂರಿ. ಅದರ ಮೇರುವಿನಿಂದ ಕುದುರೆಯವರೆಗೆ ತಂತಿಯ ಉದ್ದವು 95 ಸೆಂಟಿಮೀಟರು. ಅವರ ದನಿಯು ಹಾರ್ಮೋನಿಯಮ್ಮಿನ ಕರಿಯ ಒಂದನೆಯ ಮನೆಗೆ ಕೂಡುತ್ತಿತ್ತು. ಅದನ್ನೇ ಗಾಯಕರು ‘ಕಾಳಿ ಒಂದು’ ಎನ್ನುವರು. ಅವರು ತೀರಿಕೊಂಡ ಮೇಲೆ ಆ ತಂಬೂರಿಯು ಅವ್ವನ ಹಳೆಯ ಇಳಕಲ್ಲ ಸೀರೆಯ ಮುಸುಕಿನಲ್ಲಿ ದೇವರಮನೆಯ ಮೂಲೆಯನ್ನು ಸೇರಿತು. ಹಬ್ಬಕ್ಕೊಮ್ಮೆ ಧೂಳು ಒರೆಸಿ ಕುಂಕುಮವಿಡುವದರ ಹೊರತು ಅದನ್ನು ಯಾರೂ ಮುಟ್ಟುತ್ತಿರಲಿಲ್ಲ.

ನನ್ನ ಮೊಮ್ಮಗಳಿಗೆ ಹನ್ನೆರಡು ತುಂಬಿದ ವರ್ಷ ಅವಳು ಗಾಯನವನ್ನು ಕಲಿಯತೊಡಗಿದಳು. ಕೈಯೊಳಗಿನ ಮೊಬೈಲಿನಲ್ಲಿಯೇ ತಂಬೂರಿ ನುಡಿಯುವ ಕಾಲವಿದು. ಅವಳೂ ಅದನ್ನೇ ಇಟ್ಟುಕೊಂಡು ಹಾಡುತ್ತಿದ್ದಳು. “ಅಜ್ಜಾ, ಮುತ್ತಜ್ಜನ ತಂಬೂರಿ ಇರುವಾಗ ನನಗೆ ಇದು ಯಾಕೆ?” ಎಂದು ಒಂದು ದಿನ ಕೇಳಿದಳು. ನನಗೂ ಆಸೆ ಚಿಗುರಿತು. ಅವಳ ದನಿಯು ಕರಿಯ ಮೂರನೆಯ ಮನೆಗೆ ಕೂಡುವದೆಂದು ಅವಳ ಗುರುಗಳು ಹೇಳಿದ್ದರು. ಶ್ರುತಿಯು ಏರಬೇಕಾದರೆ ತಂತಿಯು ತೆಳ್ಳಗಿರಬೇಕೆಂಬಷ್ಟು ಮಾತ್ರ ನನಗೆ ಗೊತ್ತಿತ್ತು. ತೀರ್ಥರೂಪರ ಹಳೆಯ ಚೀಟಿಯೊಂದರಲ್ಲಿ ಜೋಡಿಯ ತಂತಿಗೆ “31” ಎಂದು ಬರೆದಿತ್ತು. ಹುಬ್ಬಳ್ಳಿಗೆ ಹೊರಟವರ ಕೈಯಲ್ಲಿ “28 ನಂಬರಿನ ಉಕ್ಕಿನ ತಂತಿ” ಎಂದು ಬರೆದುಕೊಟ್ಟೆನು. ಮೂವತ್ತೊಂದಕ್ಕಿಂತ ಇಪ್ಪತ್ತೆಂಟು ಚಿಕ್ಕದಲ್ಲವೆ? ಆದಕಾರಣ ತಂತಿಯೂ ತೆಳ್ಳಗಿರುವದೆಂದು ನನ್ನ ತರ್ಕ. ಅಂಗಡಿಯವರು ಕೇಳಿದ್ದನ್ನು ಕೇಳಿದಂತೆಯೇ ಕೊಟ್ಟರು. ತಪ್ಪು ನನ್ನದೇ.

ತಂತಿಗಳನ್ನು ಕಟ್ಟಿ ದಿನಕ್ಕೆ ಸ್ವಲ್ಪದಂತೆ ಬಿರಡೆ ತಿರುವಿದೆನು. ಬೆರಳಿಗೆ ತಂತಿಯು ಬಿರುಸಾಗಿದೆಯೆಂದು ಮೊಮ್ಮಗಳು ಹೇಳಿದಳು. ಹೊಸದಾದ್ದರಿಂದ ಹಾಗೆನಿಸುವದೆಂದು ನಾನು ಸಮಾಧಾನ ಹೇಳಿದೆನು. ಮೂರನೆಯ ದಿನ ಶ್ರುತಿಯು ಬಿಳಿಯ ಮೂರನೆಯ ಮನೆಯನ್ನು ಮುಟ್ಟಿತು. ಆ ರಾತ್ರಿ ದೇವರಮನೆಯಲ್ಲಿ ಒಣ ಕಟ್ಟಿಗೆ ಸೀಳಿದಂತಹ ಸಪ್ಪಳವಾಯಿತು. ದೀಪ ಹಚ್ಚಿ ನೋಡಿದರೆ ದಂಡಿಯು ಬುರುಡೆಯನ್ನು ಕೂಡುವ ಕೊರಳಿನಲ್ಲಿ ಬೆರಳು ತೂರುವಷ್ಟು ಬಿರುಕು. ಕುದುರೆಯ ಕೆಳಗೆ ತಬಲಿಯು ಒಳಕ್ಕೆ ಕುಸಿದಿತ್ತು. ತಂತಿಯೊಂದೂ ಹರಿದಿರಲಿಲ್ಲ, ಹರಿದಿದ್ದರೆ ತಂಬೂರಿಯು ಉಳಿಯುತ್ತಿತ್ತು. ಮೊಮ್ಮಗಳು ಏನೂ ಅನ್ನಲಿಲ್ಲ. ಸೀರೆಯ ಮುಸುಕನ್ನು ತಂದು ತಂಬೂರಿಯ ಮೇಲೆ ಹೊದಿಸಿ ಹೋಗಿ ಮಲಗಿದಳು. ನನಗೆ ಮಾತ್ರ ಬೆಳಗಿನವರೆಗೆ ನಿದ್ರೆ ಬರಲಿಲ್ಲ.

ಇನ್ನು ಇದರ ಕಾರಣವನ್ನು ವಿಚಾರಿಸೋಣ. ಎಳೆದ ತಂತಿಯ ಶ್ರುತಿಯು ಮೂರು ಸಂಗತಿಗಳನ್ನು ಅವಲಂಬಿಸಿದೆ: ತಂತಿಯ ಉದ್ದ, ಅದರ ತೂಕ, ಅದರ ಬಿಗಿತ. ಉದ್ದವನ್ನು ಅರ್ಧ ಮಾಡಿದರೆ ಶ್ರುತಿಯು ಒಂದು ಸ್ಥಾಯಿ ಮೇಲೇರುವದು. ಉದ್ದವನ್ನು ಹಾಗೆಯೇ ಇಟ್ಟು ಬಿಗಿತದಿಂದಲೇ ಒಂದು ಸ್ಥಾಯಿ ಏರಿಸಬೇಕಾದರೆ ಬಿಗಿತವು ನಾಲ್ಕು ಪಟ್ಟಾಗಬೇಕು. ಹಾಗೆಯೇ ಅದೇ ಉದ್ದ ಅದೇ ಬಿಗಿತಗಳಲ್ಲಿ ಒಂದು ಸ್ಥಾಯಿ ಇಳಿಯಬೇಕಾದರೆ ತೂಕವು ನಾಲ್ಕು ಪಟ್ಟಾಗಬೇಕು. ಅಂದರೆ ದಪ್ಪವು ಎರಡು ಪಟ್ಟಾಗಬೇಕು. ಈ ನಿಯಮಗಳನ್ನು ಫ್ರಾನ್ಸದೇಶದ ಮೆರ್ಸೆನ್ ಎಂಬ ಪಾದ್ರಿಯು 1636ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು.

ಇದರಿಂದ ಗೃಹಸ್ಥರು ನೆನಪಿಡಬೇಕಾದ ಸೂತ್ರವೊಂದೇ. ಉದ್ದವೂ ಶ್ರುತಿಯೂ ಬದಲಾಗದೆ ತಂತಿಯ ದಪ್ಪವಷ್ಟೇ ಹೆಚ್ಚಿದರೆ ಬಿಗಿತವು ದಪ್ಪದ ವರ್ಗದಂತೆ ಹೆಚ್ಚುವದು. ದಪ್ಪವು ಹತ್ತರಲ್ಲಿ ಒಂದು ಪಾಲು ಹೆಚ್ಚಿದರೆ ಬಿಗಿತವು ಹತ್ತರಲ್ಲಿ ಎರಡು ಪಾಲಿಗಿಂತ ಹೆಚ್ಚಾಗುವದು. ಕಣ್ಣಿಗೆ ಕಾಣದಷ್ಟು ದಪ್ಪದ ಅಂತರವನ್ನು ಮರವು ತನ್ನ ಮೈಮೇಲೆ ಹೊರಬೇಕಾಗುವದು.

ತಂತಿಯ ನಂಬರಿನ ಗುಟ್ಟನ್ನೂ ಇಲ್ಲಿ ಹೇಳಬೇಕು. ಅಕ್ಕಸಾಲಿಗನು ಬೆಳ್ಳಿಯ ತಂತಿಯನ್ನು ತೂತುಗಳಿರುವ ಉಕ್ಕಿನ ಪಟ್ಟಿಯಲ್ಲಿ ಹಾಯಿಸಿ ಎಳೆಯುವದನ್ನು ವಾಚಕರು ನೋಡಿರಬಹುದು. ಒಂದು ತೂತಿನಿಂದ ಅದಕ್ಕಿಂತ ಚಿಕ್ಕ ತೂತಿಗೆ ಎಳೆದಂತೆಲ್ಲ ತಂತಿಯು ತೆಳ್ಳಗಾಗುವದು. ಹೆಚ್ಚು ಸಲ ಎಳೆದ ತಂತಿಗೆ ಹೆಚ್ಚಿನ ನಂಬರು. ಆದಕಾರಣ ನಂಬರು ಹೆಚ್ಚಿದಂತೆ ತಂತಿಯು ತೆಳ್ಳಗೆ. ಬ್ರಿಟನ್ನಿನಲ್ಲಿ 1884ರಲ್ಲಿ ಶಾಸನಬದ್ಧವಾದ ಅಳತೆಯೇ ನಮ್ಮ ವಾದ್ಯದ ಅಂಗಡಿಗಳಲ್ಲಿಯೂ ರೂಢವಾಗಿದೆ. ಅದರ ಪ್ರಕಾರ 25ನೆಯ ನಂಬರಿನ ತಂತಿಯ ದಪ್ಪವು 0.508 ಮಿಲಿಮೀಟರು, 28ನೆಯದು 0.376, 30ನೆಯದು 0.315, 31ನೆಯದು 0.295, 32ನೆಯದು 0.274. ಕೆಲವು ಅಂಗಡಿಗಳಲ್ಲಿ ಒಂದು ಎರಡು ಮೂರು ಎಂಬ ಬೇರೆ ಕ್ರಮದ ನಂಬರುಗಳೂ ನಡೆಯುವವು. ಅವುಗಳಲ್ಲಿ ನಂಬರು ಹೆಚ್ಚಿದರೆ ದಪ್ಪವು ಹೆಚ್ಚಬಹುದು. ಆದಕಾರಣ ನಂಬರನ್ನು ಎಂದಿಗೂ ನಂಬಬೇಡಿರಿ. ಮಿಲಿಮೀಟರಿನ ಲೆಕ್ಕದಲ್ಲಿ ದಪ್ಪವನ್ನು ಕೇಳಿರಿ.

ಈಗ ನನ್ನ ಅಪರಾಧದ ಲೆಕ್ಕವನ್ನು ಮಾಡೋಣ. 31ರ ಬದಲು 28 ಹಾಕಿದ್ದರಿಂದ ಬಿಗಿತವು ಒಂದಕ್ಕೆ ಒಂದೂವರೆಯನ್ನು ಮೀರಿತು. ಕರಿಯ ಒಂದರಿಂದ ಬಿಳಿಯ ಮೂರಕ್ಕೆ ಶ್ರುತಿಯನ್ನು ಏರಿಸಿದ್ದರಿಂದ ಅದು ಮತ್ತೆ ಒಂದಕ್ಕೆ ಒಂದೂಕಾಲನ್ನು ಮೀರಿ ಒಂದೂವರೆಯ ಸಮೀಪಕ್ಕೆ ಹೋಯಿತು. ಎರಡನ್ನೂ ಗುಣಿಸಿದರೆ ಎರಡೂಕಾಲು ಪಟ್ಟಿಗಿಂತ ಹೆಚ್ಚು. ತೀರ್ಥರೂಪರ ಕಾಲದಲ್ಲಿ ಜೋಡಿಯ ಒಂದೊಂದು ತಂತಿಯು ಸುಮಾರು ನಾಲ್ಕು ಕಿಲೋ ಭಾರದಷ್ಟು ಎಳೆಯುತ್ತಿತ್ತು. ನನ್ನ ಕೈಯಲ್ಲಿ ಅದು ಒಂಬತ್ತು ಕಿಲೋದ ಸಮೀಪಕ್ಕೆ ಬಂತು. ಮುದಿ ಎತ್ತಿನ ಹೆಗಲಿಗೆ ಎರಡು ಬಂಡಿಯ ಹೇರನ್ನು ಹೇರಿದಂತಾಯಿತು.

ದಪ್ಪ ತಂತಿಯಿಂದ ನಾದವು ದೊಡ್ಡದಾಗುವದೆಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಭಾರವಾದ ತಂತಿಯು ತಬಲಿಯನ್ನು ಹೆಚ್ಚು ಬಲದಿಂದ ಅಲುಗಿಸುವದು. ಆದರೆ ಒಂದು ಮಿತಿಯಾಚೆ ದಪ್ಪ ತಂತಿಯು ದಾರದಂತೆ ಬಳುಕುವದನ್ನು ಬಿಟ್ಟು ಕಡ್ಡಿಯಂತೆ ಸೆಟೆಯುವದು. ಆಗ ಅದರ ಮೇಲಣ ಅನುಸ್ವರಗಳು ಮೂಲಸ್ವರಕ್ಕೆ ಸರಿಯಾಗಿ ಹೊಂದುವದಿಲ್ಲ, ನಾದವು ಕುರುಡಾಗುವದು. ದಪ್ಪ ತಂತಿಯು ಮೇಲಿನ ಶ್ರುತಿಗೆ ಹರಿಯದೆ ನಿಲ್ಲುವದೆಂಬ ಇನ್ನೊಂದು ನಂಬಿಕೆಯೂ ಇದೆ. ಅದು ಸರಿಯಲ್ಲ. ದಪ್ಪವು ಹೆಚ್ಚಿದಷ್ಟು ತಂತಿಯ ಬಲವು ಹೆಚ್ಚುವದು ನಿಜ. ಅದೇ ಪ್ರಮಾಣದಲ್ಲಿ ಬೇಕಾಗುವ ಬಿಗಿತವೂ ಹೆಚ್ಚುವದು. ಆದಕಾರಣ ಒಂದೇ ಲೋಹದ, ಒಂದೇ ಉದ್ದದ ತಂತಿಗಳು ತೆಳ್ಳಗಿರಲಿ ದಪ್ಪಗಿರಲಿ ಹೆಚ್ಚುಕಡಿಮೆ ಒಂದೇ ಶ್ರುತಿಯಲ್ಲಿ ಹರಿಯುವವು. ಎತ್ತರದ ಶ್ರುತಿ ಬೇಕಾದವರಿಗೆ ದಪ್ಪ ತಂತಿಯಿಂದ ಪ್ರಯೋಜನವಿಲ್ಲ. ಗಿಡ್ಡ ತಂಬೂರಿಯೇ ಬೇಕು. ಗಂಡಸರ ತಂಬೂರಿಯನ್ನು ದೊಡ್ಡದಾಗಿಯೂ ಹೆಂಗಸರದನ್ನು ಚಿಕ್ಕದಾಗಿಯೂ ಮಾಡುವದರ ಮರ್ಮವು ಇದೇ.

ಲೋಹದ ವಿಷಯವನ್ನೂ ಹೇಳಬೇಕು. ತಂಬೂರಿಯ ನಾಲ್ಕು ತಂತಿಗಳಲ್ಲಿ ಮೊದಲನೆಯದು ಪಂಚಮ, ನಡುವಿನ ಎರಡು ಜೋಡಿಯ ಷಡ್ಜ, ಕೊನೆಯದು ಖರಜ. ಜೋಡಿಗೆ ಯಾವಾಗಲೂ ಉಕ್ಕು. ಖರಜವು ಜೋಡಿಗಿಂತ ಒಂದು ಸ್ಥಾಯಿ ಕೆಳಗೆ ಇರುವದರಿಂದ ಅದಕ್ಕೆ ಭಾರವಾದ ತಂತಿ ಬೇಕು. ಅಷ್ಟು ದಪ್ಪದ ಉಕ್ಕು ಸೆಟೆಯುವದು. ಆದ್ದರಿಂದ ಉಕ್ಕಿಗಿಂತ ತೂಕವಾದ, ಮೆತ್ತಗಿನ ಹಿತ್ತಾಳೆಯನ್ನು ಹಾಕುವರು. ಆದರೆ ಹಿತ್ತಾಳೆಯು ಹೆಚ್ಚು ಎಳೆತವನ್ನು ತಾಳಲಾರದು. ಗಂಡಸರ ಕೆಳದನಿಯ ತಂಬೂರಿಯಲ್ಲಿ ಮಂದ್ರ ಪಂಚಮಕ್ಕೂ ಹಿತ್ತಾಳೆ ನಡೆಯುವದು. ಹೆಂಗಸರ ಮೇಲ್ದನಿಯ ತಂಬೂರಿಯಲ್ಲಿ ಪಂಚಮಕ್ಕೆ ಉಕ್ಕೇ ಲೇಸು. ದಪ್ಪದ ಲೆಕ್ಕಕ್ಕೆ ಸಾಧಾರಣವಾಗಿ ಜೋಡಿಗೆ 0.28ರಿಂದ 0.32 ಮಿಲಿಮೀಟರಿನ ಉಕ್ಕೂ, ಖರಜಕ್ಕೆ 0.45ರಿಂದ 0.55ರ ಹಿತ್ತಾಳೆಯೂ ಹೊಂದುವವು. ವಾದ್ಯವು ಉದ್ದವಾದಷ್ಟು, ಶ್ರುತಿಯು ಎತ್ತರವಾದಷ್ಟು ತೆಳ್ಳಗಿನ ಕಡೆಗೆ ಸರಿಯಬೇಕು.

ಪೂರ್ವಕಾಲದಲ್ಲಿ ತಂತಿಗಳು ಲೋಹದವೇ ಆಗಿರಲಿಲ್ಲ. ವೈದಿಕರ ಮಹಾವ್ರತದಲ್ಲಿ ನುಡಿಸುತ್ತಿದ್ದ ವಾಣವೆಂಬ ವಾದ್ಯಕ್ಕೆ ಮುಂಜದ ಹುಲ್ಲಿನ ನೂರು ತಂತುಗಳಿದ್ದವು. 13ನೆಯ ಶತಮಾನದಲ್ಲಿ ಯಾದವರ ದೇವಗಿರಿಯಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ವರ್ಣಿಸಿದ ಏಕತಂತ್ರೀ ವೀಣೆಯ ತಂತಿಯು ಪ್ರಾಣಿಯ ನರದ್ದು. ಶರೀರವನ್ನೇ ವೀಣೆಯಾಗಿ ಭಾವಿಸಿದ ಬಸವಣ್ಣನವರ ಪ್ರಸಿದ್ಧ ವಚನದಲ್ಲಿಯೂ ತಂತಿಯ ಸ್ಥಾನವನ್ನು ಪಡೆದದ್ದು ನರವೇ. ಕವಿಕಲ್ಪನೆಯಂತೆ ತೋರುವ ಆ ಮಾತಿನ ಹಿಂದೆ ಅಂದಿನ ವಾದ್ಯದ ನಿಜಸ್ಥಿತಿಯೂ ಇದ್ದಿರಬೇಕೆಂದು ನನಗೆ ಅನಿಸುವದು.

ಯುರೋಪದಲ್ಲಿಯೂ ಹೀಗೆಯೇ. 16 ಮತ್ತು 17ನೆಯ ಶತಮಾನಗಳಲ್ಲಿ ಅಲ್ಲಿ ಮನೆಮನೆಯ ವಾದ್ಯವಾಗಿದ್ದ ಲ್ಯೂಟಿಗೂ ಅನಂತರ ಬಂದ ಗಿಟಾರಿಗೂ ಕುರಿಯ ಕರುಳಿನ ತಂತಿಗಳನ್ನು ಕಟ್ಟುತ್ತಿದ್ದರು. ಲ್ಯೂಟಿನ ಮೇಲಿನ ತಂತಿಯನ್ನು ಅದು ಹರಿಯದಷ್ಟು ಎತ್ತರಕ್ಕೆ ಏರಿಸಿ, ಉಳಿದವುಗಳನ್ನು ಅದಕ್ಕೆ ಹೊಂದಿಸಬೇಕೆಂದು ಅಂದಿನ ಬೋಧಗ್ರಂಥಗಳು ಹೇಳುವವು. ಅಂದರೆ ಅವರೂ ಮೊದಲು ತಂತಿಯ ಶಕ್ತಿಯನ್ನು ನೋಡಿ ಆಮೇಲೆ ಶ್ರುತಿಯನ್ನು ನಿಶ್ಚಯಿಸುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲಕ್ಕೆ ಕರುಳಿನ ತಂತಿಯು ದುರ್ಲಭವಾಗಲು, ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟೀನ್ ಎಂಬವರು ನೈಲಾನಿನ ತಂತಿಯನ್ನು ಸಿದ್ಧಪಡಿಸಿದರು. ಸ್ಪೇನದೇಶದ ವಾದಕಶ್ರೇಷ್ಠರಾದ ಸೆಗೋವಿಯಾ ಅವರು ಅದನ್ನು ಮೆಚ್ಚಿ ಬಳಸಿದರು. ಅಲ್ಲಿಂದೀಚೆಗೆ ಶಾಸ್ತ್ರೀಯ ಗಿಟಾರಿಗೆ ನೈಲಾನೇ ರೂಢಿಯಾಯಿತು.

ಈಗ ನಮ್ಮ ಪಟ್ಟಣಗಳ ಮಕ್ಕಳೂ ಗಿಟಾರನ್ನು ಕಲಿಯುತ್ತಿರುವದರಿಂದ ಪಾಲಕರಿಗೆ ಒಂದು ಎಚ್ಚರಿಕೆಯ ಮಾತು. ಗಿಟಾರಿನಲ್ಲಿ ನೈಲಾನಿನದು ಬೇರೆ, ಉಕ್ಕಿನದು ಬೇರೆ. ನೈಲಾನಿನ ಆರು ತಂತಿಗಳ ಒಟ್ಟು ಎಳೆತವು ಸುಮಾರು 40 ಕಿಲೋ. ಉಕ್ಕಿನವುಗಳದು ಸುಮಾರು 70 ಕಿಲೋ. ನೈಲಾನಿಗೆಂದು ಹಗುರಾಗಿ ಕಟ್ಟಿದ ಗಿಟಾರಿಗೆ ಉಕ್ಕಿನ ತಂತಿಗಳನ್ನು ಹಾಕಿದರೆ ನಮ್ಮ ತಂಬೂರಿಗೆ ಆದ ಗತಿಯೇ ಅದಕ್ಕೂ ಆಗುವದು. ಕುದುರೆಯು ಕಿತ್ತು ಬರುವದು, ಇಲ್ಲವೆ ಹೊಟ್ಟೆಯ ಹಲಗೆಯು ಉಬ್ಬುವದು. ಕೊಳ್ಳುವಾಗಲೇ ಯಾವ ಜಾತಿಯದೆಂದು ಕೇಳಿ ಬರೆದಿಟ್ಟುಕೊಳ್ಳಬೇಕು.

ನಮ್ಮ ವೀಣೆಯಲ್ಲಿ ಸಾರಣಿ, ಪಂಚಮ, ಮಂದರ, ಅನುಮಂದರ ಎಂಬ ನಾಲ್ಕು ನುಡಿಸುವ ತಂತಿಗಳೂ ಮೂರು ತಾಳದ ತಂತಿಗಳೂ ಇರುವವು. ಮೊದಲಿನ ಎರಡು ಉಕ್ಕಿನವು. ಮಂದರ ಅನುಮಂದರಗಳು ಹಿತ್ತಾಳೆಯವು, ಇಲ್ಲವೆ ಲೋಹದ ಎಳೆಯನ್ನು ಸುತ್ತಿದವು. ವೀಣೆಯಲ್ಲಿ ತಂತಿಯನ್ನು ಮೆಟ್ಟಿಲ ಮೇಲೆ ಪಕ್ಕಕ್ಕೆ ಎಳೆದು ಗಮಕವನ್ನು ಹೊರಡಿಸಬೇಕಾದ್ದರಿಂದ, ಬೆರಳು ಎಳೆಯುವಷ್ಟು ಸಡಿಲವೂ ನಾದವು ನಿಲ್ಲುವಷ್ಟು ಬಿಗಿಯೂ ಇರಬೇಕು. ಕಲಿಯುವ ಮಕ್ಕಳ ಬೆರಳು ಕೊಯ್ಯುತ್ತಿದ್ದರೆ ಮೊದಲು ಸಾರಣಿಯ ದಪ್ಪವನ್ನು ಪರೀಕ್ಷಿಸಿರಿ. ಅವರಿಗೆ ಅಭ್ಯಾಸ ಸಾಲದೆಂದು ಗದರಿಸಬೇಡಿರಿ. ಸಿತಾರದಲ್ಲಿಯೂ ತಂತಿಯ ಆಯ್ಕೆಯು ವಾದನವನ್ನೇ ಮಾರ್ಪಡಿಸಿದ ಉದಾಹರಣೆಯು ನಮ್ಮ ಧಾರವಾಡದಲ್ಲಿಯೇ ಇದೆ. ಬಂದೇ ಅಲೀ ಖಾನರ ಶಿಷ್ಯರೂ ಸಿತಾರರತ್ನರೆಂದು ಪ್ರಸಿದ್ಧರೂ ಆದ ರಹಿಮತ್ ಖಾನರು ಧಾರವಾಡದಲ್ಲಿ ನೆಲೆಸಿ, ಸಿತಾರಕ್ಕೆ ಕೆಳಸ್ಥಾಯಿಯ ಖರಜ ಪಂಚಮಗಳ ದಪ್ಪ ತಂತಿಗಳನ್ನು ಸೇರಿಸಿ ಅದರ ಆಳವನ್ನು ಹೆಚ್ಚಿಸಿದರು. ಅಲ್ಲಿ ದಪ್ಪ ತಂತಿಯು ಕೆಳಶ್ರುತಿಗಾಗಿ ಬಂತು. ನಾನಾದರೋ ದಪ್ಪ ತಂತಿಯನ್ನು ಹಾಕಿ ಶ್ರುತಿಯನ್ನು ಮೇಲಕ್ಕೆ ಎಳೆದೆನು.

ಒಡೆದ ತಂಬೂರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ನಾನು ಮಿರಜಕ್ಕೆ ಹೋದೆನು. ಅಲ್ಲಿ 19ನೆಯ ಶತಮಾನದ ಮಧ್ಯದಲ್ಲಿ, ಆಯುಧಗಳನ್ನು ಹದಮಾಡುವ ಮನೆತನದ ಫರೀದಸಾಹೇಬರಿಂದ ಆರಂಭವಾದ ವಾದ್ಯನಿರ್ಮಾಣವು ಇಂದಿಗೂ ನಡೆದುಬಂದಿದೆ. ಪಂಢರಪುರದ ಕಡೆಯ ದೊಡ್ಡ ಬುರುಡೆಗಳನ್ನು ತಂದು ತಂಬೂರಿಗಳನ್ನು ಕಟ್ಟುವರು. ಮಿರಜದ ಸಿತಾರ ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ನಾನು ಕಂಡ ಮುದಿ ಕುಶಲಿಗಳು ತಂಬೂರಿಯನ್ನು ನೋಡುವ ಮೊದಲು ಅದರ ತಂತಿಯನ್ನು ಎರಡು ಬೆರಳುಗಳ ನಡುವೆ ಉರುಳಿಸಿ ನೋಡಿದರು. “ಮಾಸ್ತರರೇ, ಇದನ್ನು ಯಾರು ಕಟ್ಟಿದರು?” ಎಂದು ಕೇಳಿದರು. ನಾನೇ ಎಂದೆನು. ಅವರು ಬೈಯಲಿಲ್ಲ. “ವಾದ್ಯವು ಹಿರಿಯರದೆಂದಿರಿ. ಹಿರಿಯರ ದನಿ ಎಷ್ಟಿತ್ತು ಎಂಬದನ್ನು ಯಾಕೆ ಮರೆತಿರಿ?” ಎಂದರು.

ಅವರಿಂದಲೇ ನಾನು ಜವಾರಿಯ ವಿಷಯವನ್ನು ಕಲಿತೆನು. ನಮ್ಮ ಕಡೆ ಜವಾರಿ ಎಂದರೆ ನಾಟಿ. ಜವಾರಿ ಬದನೆಕಾಯಿ, ಜವಾರಿ ಕೋಳಿ ಎನ್ನುವೆವು. ವಾದ್ಯದವರ ಜವಾರಿಯು ಬೇರೆ. ಕುದುರೆಯ ಅಗಲವಾದ ಬೆನ್ನನ್ನು ಸೂಕ್ಷ್ಮವಾಗಿ ಇಳಿಜಾರಾಗಿ ಕೆತ್ತಿ, ತಂತಿಯ ಕೆಳಗೆ ಒಂದು ನೂಲಿನೆಳೆಯನ್ನು ತಕ್ಕ ಸ್ಥಳಕ್ಕೆ ಸರಿಸಿದಾಗ ತಂತಿಯು ಕುದುರೆಯ ಬೆನ್ನನ್ನು ಹಗುರಾಗಿ ಸವರುತ್ತ ಝೇಂಕರಿಸುವದು. ಆ ನೂಲಿಗೆ ದಕ್ಷಿಣದವರು ಜೀವಾಳಿ ಎನ್ನುವರು. ಶಾರ್ಙ್ಗದೇವನೂ ತನ್ನ ಏಕತಂತ್ರಿಯಲ್ಲಿ ತಂತಿಯ ಕೆಳಗೆ ಇಡುವ ಬಿದಿರಿನ ಸಣ್ಣ ಸೀಳನ್ನು ಜೀವಾ ಎಂದೇ ಕರೆದಿರುವನು. ಈ ಝೇಂಕಾರದ ಶಾಸ್ತ್ರವನ್ನು ಸರ್ ಸಿ. ವಿ. ರಾಮನ್ನರು 1921ರಲ್ಲಿ ವಿವರಿಸಿದರು. ಸಾಮಾನ್ಯವಾಗಿ ತಂತಿಯನ್ನು ಮೀಟಿದ ಜಾಗದಲ್ಲಿ ಯಾವ ಅನುಸ್ವರದ ಚಲನೆಯು ಶೂನ್ಯವೋ ಆ ಅನುಸ್ವರವು ಕೇಳಬಾರದು. ವೀಣೆ ತಂಬೂರಿಗಳಲ್ಲಿ ಮಾತ್ರ ಕುದುರೆಯ ಈ ರಚನೆಯ ದೆಸೆಯಿಂದ ಅದೂ ಸ್ಪಷ್ಟವಾಗಿ ಕೇಳುವದೆಂದು ಅವರು ತೋರಿಸಿದರು. ಗೃಹಸ್ಥರು ಇದರಿಂದ ತಿಳಿಯಬೇಕಾದದ್ದೇನೆಂದರೆ, ಕೆತ್ತಿದ ಜವಾರಿಯು ಒಂದು ದಪ್ಪದ, ಒಂದು ಬಿಗಿತದ ತಂತಿಗೆ ಮಾತ್ರ ಹೊಂದಿರುತ್ತದೆ. ತಂತಿಯ ದಪ್ಪವನ್ನು ಬದಲಿಸಿದರೆ ಜವಾರಿಯನ್ನೂ ತಿದ್ದಿಸಬೇಕು. ಅದನ್ನು ಮನೆಯಲ್ಲಿ ಅರದಿಂದ ಉಜ್ಜುವ ಸಾಹಸಕ್ಕೆ ಯಾರೂ ಹೋಗಬಾರದು.

ಪ್ರಶ್ನೆ ಕೇಳಿದ ಭಗಿನಿಯರಿಗೆ ಈಗ ನಾನು ಕ್ರಮವಾಗಿ ಹೇಳುವದಿಷ್ಟು. ಮೊದಲು ಮೇರುವಿನಿಂದ ಕುದುರೆಯವರೆಗಿನ ಉದ್ದವನ್ನು ಅಳೆದು ಬರೆಯಿರಿ. ಎರಡನೆಯದಾಗಿ, ಮಗಳ ಶ್ರುತಿಯು ಯಾವದೆಂದು ಅವಳ ಗುರುಗಳಿಂದ ಬರೆಯಿಸಿಕೊಳ್ಳಿರಿ. ಮೂರನೆಯದಾಗಿ, ಹಳೆಯ ತಂತಿಗಳನ್ನು ಬಿಸಾಡಬೇಡಿರಿ. ಒಂದೊಂದರಿಂದ ಗೇಣುದ್ದ ತುಂಡನ್ನು ಕತ್ತರಿಸಿ, ಯಾವ ಸ್ಥಾನದ್ದೆಂದು ಚೀಟಿ ಅಂಟಿಸಿ, ಅಂಗಡಿಗೆ ಒಯ್ದು ಮೈಕ್ರೋಮೀಟರಿನಿಂದ ಅಳೆಯಿಸಿರಿ. ತುಕ್ಕಿಲ್ಲದ ಭಾಗವನ್ನೇ ಅಳೆಯಬೇಕು. ಮಾವನವರ ತಂಬೂರಿಯು ದೊಡ್ಡದಾಗಿದ್ದು ಮಗಳ ದನಿಯು ಎತ್ತರದ್ದಾಗಿದ್ದರೆ, ಇವೆರಡನ್ನೂ ಬಲವಂತದಿಂದ ಕೂಡಿಸಬೇಡಿರಿ.

ಹೊಸ ತಂತಿಯನ್ನು ಕೊಳ್ಳುವಾಗ ಸುರುಳಿಯಲ್ಲಿ ಎಲ್ಲಿಯೂ ಮುರುಕು ಇಲ್ಲವೆಂದು ನೋಡಬೇಕು. ಬೆರಳಿನ ನಡುವೆ ಎಳೆದಾಗ ಆದ್ಯಂತ ಒಂದೇ ನುಣುಪಿರಬೇಕು. ಜೋಡಿಯ ಎರಡು ತಂತಿಗಳೂ ಒಂದೇ ಸುರುಳಿಯವಾಗಿರಬೇಕು. ಒಂದು ಹಳೆಯದು ಒಂದು ಹೊಸದಾದರೆ ಅವು ಅತ್ತೆಸೊಸೆಯರಂತೆ ಬೇರೆ ಬೇರೆ ನುಡಿಯುವವು. ಕಟ್ಟುವಾಗ ಎಲ್ಲ ತಂತಿಗಳನ್ನೂ ಒಮ್ಮೆಲೇ ಬಿಚ್ಚದೆ ಒಂದನ್ನು ತೆಗೆದು ಒಂದನ್ನು ಕಟ್ಟಬೇಕು. ಬಹಳ ಕಾಲ ಸುಮ್ಮನಿದ್ದ ವಾದ್ಯವಾದರೆ ಎರಡು ಮೂರು ಮನೆ ಕೆಳಗಿನ ಶ್ರುತಿಯಲ್ಲಿಯೇ ಒಂದು ವಾರ ಇಟ್ಟು, ಕೊರಳಿನ ಬೆಸುಗೆಯನ್ನೂ ತಬಲಿಯನ್ನೂ ದಿನಾಲು ನೋಡುತ್ತ ಏರಿಸಬೇಕು. ಹಾಡಿ ಮುಗಿದ ಮೇಲೆ ಒಣ ಅರಿವೆಯಿಂದ ಬೆವರನ್ನು ಒರೆಸಬೇಕು. ಹಿತ್ತಾಳೆ ಕಪ್ಪಾಯಿತೆಂದು ಕೊಡಕ್ಕೆ ತಿಕ್ಕಿದಂತೆ ಹುಣಸೆಹಣ್ಣನ್ನು ತಿಕ್ಕಬಾರದು. ಹುಳಿಯು ತಂತಿಯನ್ನು ತಿನ್ನುವದು. ಮತ್ತೆ ಬಹಳ ಕಾಲ ಬಳಸುವದಿಲ್ಲವಾದರೆ ಬಿರಡೆಗಳನ್ನು ಸ್ವಲ್ಪ ಸಡಿಲಿಸಿ ಇಡಬೇಕು.

ಗಂಗೂಬಾಯಿ ಹಾನಗಲ್ಲ ಅವರ ವಿಷಯವನ್ನು ವಾಚಕರು ಬಲ್ಲರು. ಎಳೆಯ ವಯಸ್ಸಿನಲ್ಲಿ ಅವರ ಕಂಠವು ತೆಳ್ಳಗೆ ಎತ್ತರದಲ್ಲಿತ್ತು. ಗಂಟಲಿನ ಚಿಕಿತ್ಸೆಯಾದ ಮೇಲೆ ಅದು ಗಂಡುದನಿಯಂತೆ ಗಂಭೀರವಾಯಿತು. ಅವರು ತಮ್ಮ ಹಳೆಯ ಶ್ರುತಿಗೆ ಕಂಠವನ್ನು ಹಿಂಸಿಸದೆ, ಬಂದ ದನಿಗೆ ತಕ್ಕ ಶ್ರುತಿಯಲ್ಲಿಯೇ ಹಾಡಿ ಲೋಕಮಾನ್ಯರಾದರು. ಕಂಠಕ್ಕೆ ತಕ್ಕ ಶ್ರುತಿ, ಶ್ರುತಿಗೆ ತಕ್ಕ ಉದ್ದ, ಆ ಎರಡಕ್ಕೆ ತಕ್ಕ ತಂತಿ: ಇದೇ ಸರಿಯಾದ ಕ್ರಮ. ನಾನು ಪೊಟ್ಟಣದ ನಂಬರಿನಿಂದ ಆರಂಭಿಸಿ ತಲೆಕೆಳಗಾಗಿ ನಡೆದೆನು.

ಮಿರಜದಿಂದ ತಂಬೂರಿಯು ಎರಡು ತಿಂಗಳ ಮೇಲೆ ಮನೆಗೆ ಬಂತು. ಕೊರಳನ್ನು ಬೆಸೆದು ತಬಲಿಯನ್ನು ಒಳಗಿನಿಂದ ಎತ್ತಿ ಕಟ್ಟಿದ್ದರು. ಬಿರುಕಿನ ಗುರುತು ಕೈಯಾಡಿಸಿದರೆ ಈಗಲೂ ತಿಳಿಯುವದು. ಹಳೆಯ ಬೆಸುಗೆಯ ಮೇಲೆ ಭಾರ ಕಡಿಮೆಯಾಗಲೆಂದು ಜೋಡಿಗೆ 32ನೆಯ ನಂಬರನ್ನು ಹಾಕಿ, ಶ್ರುತಿಯನ್ನು ಮತ್ತೆ ಕರಿಯ ಒಂದಕ್ಕೇ ಇಳಿಸಿದರು. ಮೊಮ್ಮಗಳಿಗೆಂದು ಅಲ್ಲಿಯೇ ಒಂದು ಚಿಕ್ಕ ತಂಬೂರಿಯನ್ನು ಕೊಂಡೆನು. ಅದಕ್ಕಾಗಿ ನಿವೃತ್ತಿವೇತನದ ಉಳಿತಾಯಕ್ಕೆ ಕೈ ಹಾಕಬೇಕಾಯಿತು. ಅವಳು ತನ್ನದನ್ನು ಬಿಟ್ಟು ಮೊದಲು ದೊಡ್ಡದನ್ನೇ ಮೀಟಿದಳು. ತೀರ್ಥರೂಪರ ಕಾಲದಲ್ಲಿ ಕೇಳಿದ ನಾದವು ಪಡಸಾಲೆಯಲ್ಲಿ ಹರಡಿತು. ಅವಳು ಆ ಶ್ರುತಿಗೆ ದನಿಗೂಡಿಸಲು ನೋಡಿದಳು, ಆಗಲಿಲ್ಲ. “ಅಜ್ಜಾ, ಇದು ನನಗಲ್ಲ, ನಿಮ್ಮ ದನಿಗೆ ಇದೆ. ನೀವೇ ಹಾಡಿರಿ” ಎಂದಳು.

ತಂತ್ರೀ, ತಂತು, ಸಂತಾನ ಎಂಬ ಶಬ್ದಗಳೆಲ್ಲವೂ ಹರಡುವದು, ಹಿಗ್ಗುವದು ಎಂಬ ಅರ್ಥದ ‘ತನ್’ ಎಂಬ ಒಂದೇ ಧಾತುವಿನಿಂದ ಹುಟ್ಟಿದವೆಂದು ನಾನು ಎಷ್ಟೋ ವರ್ಷ ಹಲಗೆಯ ಮೇಲೆ ಬರೆದು ತೋರಿಸಿದ್ದೆನು. ಆ ಸಂಜೆ ಅದು ನೆನಪಾಯಿತು. ಅರವತ್ತು ದಾಟಿದ ಕಂಠದಿಂದ, ತೀರ್ಥರೂಪರು ಹಾಡುತ್ತಿದ್ದ ಒಂದು ಪದವನ್ನು ತಡವರಿಸುತ್ತ ಹಾಡಿದೆನು. ನಡುವೆ ಎರಡು ಸಲ ಶ್ರುತಿ ತಪ್ಪಿತು, ಮೊಮ್ಮಗಳು ತಿದ್ದಿದಳು. ಈಗ ದಿನಾಲು ಸಂಜೆ ಮೊದಲು ಅವಳ ಪಾಠ, ಆಮೇಲೆ ನನ್ನದು.

ಸವಣೂರ ಭಗಿನಿಯರು ತಂಬೂರಿಯ ಉದ್ದವನ್ನೂ ಮಗಳ ಶ್ರುತಿಯನ್ನೂ ಬರೆದು ತಿಳಿಸಿದರೆ, ತಂತಿಯ ದಪ್ಪದ ಲೆಕ್ಕವನ್ನು ನಾನು ಸಂತೋಷದಿಂದ ಮಾಡಿ ಕಳಿಸುವೆನು. ಅಲ್ಲಿಯವರೆಗೆ ಬಿರಡೆಯನ್ನು ತಿರುವದಿರಲಿ.